ಹೂ ಕಟ್ಟುತ್ತಾ ಕುಳಿತ ಹೆಂಗಸು: ಚಿತ್ರದೊಳಗಿನ ಹೂಗಳನ್ನು ಓದುವುದು ಹೇಗೆ?

ಪ್ರಶ್ನೆ: ನಾನು ಕಲಬುರಗಿಯ ಬ್ರಹ್ಮಪುರದವಳು. ನಮ್ಮ ಪಡಸಾಲೆಯಲ್ಲಿ ಅಜ್ಜನ ಕಾಲದಿಂದ ಇರುವ ಒಂದು ತೈಲಚಿತ್ರದ ಫೋಟೋಗಳನ್ನು ಕಳುಹಿಸಿದ್ದೇನೆ. ರಾಜ್ಯ ಏಕೀಕರಣದ ಆಸುಪಾಸಿನಲ್ಲಿ ಅಜ್ಜ ಅದನ್ನು ತಂದರಂತೆ; ಸಹಿ ಇಲ್ಲ. ಹಸಿರು ಇಳಕಲ್ ಸೀರೆಯುಟ್ಟ ಹೆಂಗಸೊಬ್ಬಳು ಕಟ್ಟೆಯ ಮೇಲೆ ಕುಳಿತು ಮಾಲೆ ಕಟ್ಟುತ್ತಿದ್ದಾಳೆ. ಪಕ್ಕದಲ್ಲಿ ಹೂವಿನ ತಾಟು, ಅದರ ಅಂಚಿನಲ್ಲಿ ಹಸಿರು ಎಲೆ, ಎಡಗೈಯಲ್ಲಿ ಒಂದೇ ಒಂದು ಕೆಂಪು ಗುಲಾಬಿ, ನೆಲದ ಮೇಲೆ ಉದುರಿದ ಹೂಗಳು, ಹಿಂದೆ ಕಮಾನು. ಕೂದಲು ಬಿಚ್ಚಿದೆ, ಮುಡಿಯಲ್ಲಿ ಹೂವಿಲ್ಲ. ಆಕೆ ವಿಧವೆ ಎಂದು ನಮ್ಮ ದೊಡ್ಡವ್ವ ಹೇಳುತ್ತಾರೆ. ಇದು ಎಸ್.ಎಂ. ಪಂಡಿತರ ಚಿತ್ರ ಎಂದು ಸೋದರಮಾವ ಹೇಳುತ್ತಾರೆ. ಮಗ ಮೊಬೈಲಿನಲ್ಲಿ ಹುಡುಕಿ, ಕೆಂಪು ಗುಲಾಬಿ ಎಂದರೆ ಪ್ರೇಮ, ಹಳದಿ ಹೂ ಎಂದರೆ ಅಸೂಯೆ, ಉದುರಿದ ಹೂ ಎಂದರೆ ಸಾವು ಎನ್ನುತ್ತಾನೆ. ಯಾವುದನ್ನು ನಂಬಬೇಕು?

ಉತ್ತರ: ನೀವು ಕಳುಹಿಸಿದ ಫೋಟೋಗಳನ್ನು ದೊಡ್ಡದು ಮಾಡಿ, ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ನೋಡಿದ್ದೇನೆ. ನಿಮ್ಮ ಮನೆಯವರ ಮಾತುಗಳಲ್ಲಿ ಯಾವುದೂ ಅಸಂಬದ್ಧವಲ್ಲ. ಆದರೆ ದೊಡ್ಡವ್ವನವರೂ ಮಗನೂ ಒಂದೇ ನಂಬಿಕೆಯಿಂದ ಹೊರಟಿದ್ದಾರೆ. ಪ್ರತಿ ಹೂವಿಗೂ ಮೊದಲೇ ಒಂದು ಅರ್ಥ ನಿಗದಿಯಾಗಿರುತ್ತದೆ, ಚಿತ್ರದಲ್ಲಿ ಆ ಹೂ ಕಂಡೊಡನೆ ಆ ಅರ್ಥವನ್ನು ತಂದಿಟ್ಟರೆ ಸಾಕು ಎಂಬುದು ಆ ನಂಬಿಕೆ. ನನ್ನ ಅನುಭವದಲ್ಲಿ ಚಿತ್ರದ ಹೂ ಹಾಗೆ ತಾನಾಗಿ ಅರ್ಥ ಕೊಡುವುದು ಅಪರೂಪ. ಅದು ಯಾರ ಕೈಯಲ್ಲಿದೆ, ಯಾವ ಕೆಲಸದ ನಡುವೆ ಇದೆ, ಆ ಕೆಲಸಕ್ಕೆ ಆ ಊರಿನ ಮನೆಗಳಲ್ಲಿ ಏನು ಕಟ್ಟುಪಾಡು ಇದೆ, ಚಿತ್ರ ಬರೆದವರು ಯಾವ ಮಾದರಿಗಳನ್ನು ನೋಡಿ ಕಲಿತಿರಬಹುದು ಎಂಬುದನ್ನೆಲ್ಲ ವಿಚಾರಿಸಿದ ಮೇಲೆಯೇ ಅರ್ಥದ ಮಾತಿಗೆ ಬರಬೇಕು. ಹಾಗೆ ವಿಚಾರಿಸಿದಾಗ ನಿಮ್ಮ ಚಿತ್ರ ನನಗೆ ಸಾವಿನ ಚಿತ್ರವಾಗಿಯೂ ವಿರಹದ ಚಿತ್ರವಾಗಿಯೂ ಕಾಣಲಿಲ್ಲ. ಬೆಳಗಿನ ಪೂಜೆಯ ಸಿದ್ಧತೆಯ ಚಿತ್ರವಾಗಿ ಕಂಡಿತು. ಆ ಗುಲಾಬಿಯೊಂದು ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದನ್ನು ಪ್ರತ್ಯೇಕವಾಗಿಯೇ ನೋಡಬೇಕಾಗುತ್ತದೆ.

ಹಳದಿಯ ವಿಷಯವನ್ನು ಮೊದಲು ಮುಗಿಸುತ್ತೇನೆ. ತೈಲಚಿತ್ರದ ಮೇಲೆ ಬಳಿಯುವ ವಾರ್ನಿಷ್ ವರ್ಷಗಳು ಕಳೆದಂತೆ ಹಳದಿಗೆ ತಿರುಗುತ್ತದೆ. ಅದರ ಮೇಲೆ ಊದಿನಕಡ್ಡಿಯ, ದೀಪದ ಹೊಗೆ ಕೂತರೆ ಬಣ್ಣ ಇನ್ನೂ ಮಬ್ಬಾಗುತ್ತದೆ. ಆದ್ದರಿಂದ ಹಳೆಯ ಚಿತ್ರದಲ್ಲಿ ಒಂದು ಹೂ ತಿಳಿಹಳದಿಯಾಗಿ ಕಂಡರೆ, ಅದೇ ಚಿತ್ರದಲ್ಲಿ ಖಚಿತವಾಗಿ ಬಿಳಿ ಇರಲೇಬೇಕಾದ ಇನ್ನೊಂದು ಜಾಗವನ್ನು ಹುಡುಕಬೇಕು. ಕಣ್ಣಿನ ಬಿಳಿಭಾಗ ಅದಕ್ಕೆ ತಕ್ಕ ಜಾಗ. ನಿಮ್ಮ ಚಿತ್ರದಲ್ಲಿ ಕಣ್ಣಿನ ಬಿಳಿಯೂ, ಮಾಲೆಯ ದಾರವೂ, ತಾಟಿನ ಹೂವೂ ಒಂದೇ ಹಳದಿಯಲ್ಲಿವೆ. ಅಂದರೆ ಬರೆದಾಗ ಆ ಹೂಗಳು ಬಿಳಿಯಾಗಿದ್ದವು. ಅವುಗಳ ದುಂಡಗಿನ, ಒತ್ತಾದ ಎಸಳುಗಳನ್ನು ನೋಡಿದರೆ ಅವು ದುಂಡುಮಲ್ಲಿಗೆ. ಅಸೂಯೆಯ ಪ್ರಶ್ನೆ ಅಲ್ಲಿಗೇ ಇತ್ಯರ್ಥವಾಯಿತು. ಅವು ನಿಜವಾಗಿಯೂ ಹಳದಿ ಹೂಗಳೇ ಆಗಿದ್ದರೂ ಹಳದಿಗೆ ಅಸೂಯೆಯನ್ನು ಅಂಟಿಸುವುದು ಯುರೋಪಿನ ರೂಢಿ. ಅರಿಶಿನವಿಲ್ಲದೆ ಯಾವ ಶುಭಕಾರ್ಯವನ್ನೂ ಮಾಡದ ನಮ್ಮ ಊರಿನ ಚಿತ್ರಕಾರನಿಗೆ ಆ ಅರ್ಥ ಹೊಳೆದಿರುವ ಸಂಭವ ತೀರ ಕಡಿಮೆ.

ಸೋದರಮಾವನವರ ಮಾತಿಗೂ ಇಲ್ಲೇ ಉತ್ತರಿಸುತ್ತೇನೆ. ಪಂಡಿತರು 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸಿನೆಮಾ ಪೋಸ್ಟರುಗಳ ಮೂಲಕ, ಪುರಾಣದ ಕ್ಯಾಲೆಂಡರುಗಳ ಮೂಲಕ ದೇಶಕ್ಕೆಲ್ಲ ಪರಿಚಿತರಾಗಿ, 1993ರಲ್ಲಿ ತೀರಿಕೊಂಡವರು. ಊರಿನ ರಂಗಮಂದಿರಕ್ಕೆ ಅವರ ಹೆಸರಿದೆ. ಸಹಿಯಿಲ್ಲದ ಒಳ್ಳೆಯ ಚಿತ್ರವೊಂದು ನಮ್ಮಲ್ಲಿ ಸಿಕ್ಕರೆ ಅದಕ್ಕೂ ಅವರ ಹೆಸರೇ ಬರುವುದು ಸಹಜ. ಆದರೆ ಅವರ ಹೆಣ್ಣುಚಿತ್ರಗಳಲ್ಲಿ ಮೈಕಟ್ಟಿನ ಮೇಲಿನ ಹಿಡಿತ ಬಹಳ ಬಿಗಿ. ನಿಮ್ಮ ಚಿತ್ರದಲ್ಲಿ ಬಲಗೈ ಮೊಣಕೈಯ ಹತ್ತಿರ ಸರಿಯಾಗಿ ಮಡಿಚಿಲ್ಲ, ಕೈ ಸ್ವಲ್ಪ ಉದ್ದವಾಗಿಬಿಟ್ಟಿದೆ. ಅವರ ಕ್ಯಾಲೆಂಡರುಗಳನ್ನು ಮುಂದಿಟ್ಟುಕೊಂಡು ಕೈ ಪಳಗಿಸಿಕೊಂಡ ಸ್ಥಳೀಯ ಕಲಾವಿದರೊಬ್ಬರ ಕೆಲಸ ಇದು ಎಂದು ನನ್ನ ಅಂದಾಜು. ಇದರಿಂದ ಚಿತ್ರದ ಬೆಲೆ ಇಳಿಯಬಹುದು, ಚಿತ್ರದ ಕುತೂಹಲ ಇಳಿಯುವುದಿಲ್ಲ. ದೊಡ್ಡ ಹೆಸರಿನವರು ಗಿರಾಕಿಯನ್ನು ಮೀರಿ ತಮ್ಮ ಕಲ್ಪನೆಯನ್ನು ಹರಿಯಬಿಡುತ್ತಾರೆ. ಊರಿನ ಚಿತ್ರಕಾರರು ತಾವು ದಿನಾ ಕಂಡ ಮನೆಯ ರೀತಿನೀತಿಗಳನ್ನೇ ಬರೆಯುತ್ತಾರೆ.

ಈಗ ತಾಟಿನ ಕಡೆ ಬರೋಣ. ಅದರಲ್ಲಿ ಮಲ್ಲಿಗೆಯ ಜೊತೆಗೆ ಕೇಸರಿ ಬಣ್ಣದ ಚೆಂಡು ಹೂಗಳಿವೆ. (ಚೆಂಡು ಹೂ ನಮ್ಮ ಹಬ್ಬಗಳಿಗೆ ಎಷ್ಟು ಹೊಂದಿಕೊಂಡಿದೆಯೆಂದರೆ ಅದು ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದ ನಂತರ ಬಂದದ್ದು ಎಂದರೆ ನಂಬುವವರಿಲ್ಲ. ಸುಗಂಧರಾಜದ ಮೂಲವೂ ಮೆಕ್ಸಿಕೋ. ಶಕುಂತಲೆಯ ಕೊರಳಿಗೆ ಚೆಂಡು ಹೂವಿನ ಹಾರ ಹಾಕುವ ಕ್ಯಾಲೆಂಡರುಗಳನ್ನು ಕಂಡಾಗಲೆಲ್ಲ ನನಗೆ ಸಣ್ಣ ನಗೆ ಬರುತ್ತದೆ.) ಆದರೆ ತಾಟಿನಲ್ಲಿ ಮುಖ್ಯವಾದದ್ದು ಹೂವಲ್ಲ. ಅಂಚಿನ ಬಳಿ ನೀವು "ಹಸಿರು ಎಲೆ" ಎಂದು ಬಿಟ್ಟುಬಿಟ್ಟ ಒಂದು ಸಣ್ಣ ರಾಶಿಯಿದೆ. ದೊಡ್ಡದು ಮಾಡಿ ನೋಡಿದರೆ ಒಂದೇ ತೊಟ್ಟಿಗೆ ಮೂರು ಎಲೆ. ಅವು ಬಿಲ್ವಪತ್ರೆಗಳು. ಪಕ್ಕದ ತಾಮ್ರದ ತಂಬಿಗೆಯನ್ನೂ ಸೇರಿಸಿ ನೋಡಿದರೆ ಇದು ಶಿವಪೂಜೆಗೆ ಅಣಿಮಾಡಿದ ತಾಟು ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಹಾಗೆಂದು ಇದು ಶ್ರಾವಣ ಸೋಮವಾರವೇ ಎನ್ನುವಷ್ಟು ದೂರ ಹೋಗುವ ಅಗತ್ಯವಿಲ್ಲ.

ಈ ಒಂದು ಸಂಗತಿ ಗೊತ್ತಾದ ಮೇಲೆ ಉಳಿದವು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ದೇವರಿಗೆಂದು ತೆಗೆದಿಟ್ಟ ಹೂವನ್ನು ಮೂಸಬಾರದು, ಪೂಜೆಗೆ ಮೊದಲು ಮುಡಿಯಬಾರದು ಎಂಬುದು ನಮ್ಮ ಮನೆಗಳಲ್ಲಿ ಸಣ್ಣ ಹುಡುಗಿಯರಿಗೂ ಹೇಳಿಕೊಡುವ ಮಾತು. ಪೂಜೆಯಾದ ಮೇಲೆ ಪ್ರಸಾದವಾಗಿ ಬಂದ ಹೂವನ್ನೇ ಕಣ್ಣಿಗೊತ್ತಿಕೊಂಡು ಮುಡಿಯುತ್ತಾರೆ. ಅಂದರೆ ಆಕೆಯ ಮುಡಿ ಬರಿದಾಗಿರುವುದಕ್ಕೆ ಕಾರಣ ಆಕೆಯ ಬಾಳಿನಲ್ಲಿಲ್ಲ, ಆ ಹೊತ್ತಿನಲ್ಲಿದೆ. ಕೂದಲನ್ನೂ ಗಮನಿಸಿ. ನೀವು "ಬಿಚ್ಚಿದೆ" ಎಂದು ಬರೆದಿದ್ದೀರಿ, ಆದರೆ ಬೆನ್ನ ಮೇಲಿಂದ ಸೊಂಟದವರೆಗೆ ಇಳಿದು ಬಂದ ಕೂದಲಿನ ತುದಿಯಲ್ಲಿ ಒಂದು ಸಣ್ಣ ಗಂಟು ಇದೆ. ತಲೆಗೆ ನೀರು ಹಾಕಿಕೊಂಡ ಹೆಂಗಸರು ಕೂದಲು ಒಣಗುವ ತನಕ ಹಾಕಿಕೊಳ್ಳುವ ಗಂಟು ಅದು. ದುಃಖದಲ್ಲಿ ಕೆದರಿದ ಕೂದಲಿಗೆ ಯಾರೂ ತುದಿಗಂಟು ಹಾಕುವುದಿಲ್ಲ. ಮಾಲೆಯ ದಾರ ಎಲ್ಲಿಗೆ ಹೋಗಿದೆ ಎಂಬುದನ್ನೂ ನೋಡಿ. ಮುಡಿಯಲು ದಂಡೆ ಕಟ್ಟುವಾಗ ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುವುದು ಸುಲಭದ ಉಪಾಯ. ಇಲ್ಲಿ ಆಕೆಯ ಕಾಲು, ಕಾಲುಂಗುರದ ಸಮೇತ, ಹತ್ತಿರದಲ್ಲೇ ಇದ್ದರೂ ದಾರವನ್ನು ಕಂಬದ ಬಳೆಗೆ ಕಟ್ಟಲಾಗಿದೆ. ದೇವರ ಮಾಲೆಗೆ ಕಾಲು ತಾಗಬಾರದಲ್ಲ! ಚಿತ್ರಕಾರರು ಇಂಥ ವಿವರವನ್ನು ಪುಸ್ತಕ ಓದಿ ಬರೆಯುವುದಿಲ್ಲ. ಮನೆಯಲ್ಲಿ ಅವ್ವನೋ ಅಕ್ಕನೋ ಮಾಲೆ ಕಟ್ಟುವುದನ್ನು ನೋಡುತ್ತ ಬೆಳೆದ ಕಣ್ಣು ಮಾತ್ರ ಅದನ್ನು ಬರೆಯಬಲ್ಲದು.

ನೆಲದ ಮೇಲೆ ಉದುರಿದ ಹೂಗಳಿಗೂ ಇದೇ ನೇಮ ಅನ್ವಯಿಸುತ್ತದೆ. ಕೆಳಗೆ ಬಿದ್ದ ಹೂವನ್ನು ಪೂಜೆಗೆ ಬಳಸುವ ಹಾಗಿಲ್ಲ, ಪಾರಿಜಾತವೊಂದಕ್ಕೆ ಮಾತ್ರ ಆ ನಿಯಮದಿಂದ ವಿನಾಯಿತಿ. ಕಟ್ಟುವಾಗ ಜಾರಿ ಬಿದ್ದ ಮಲ್ಲಿಗೆಯನ್ನು ಆಕೆ ಎತ್ತಿಕೊಂಡಿಲ್ಲ, ಅಷ್ಟೆ. ಆ ಹೂಗಳು ಬಾಡಿಯೂ ಇಲ್ಲ, ಎಸಳು ಬಿಚ್ಚಿಯೂ ಇಲ್ಲ. ತಾಟಿನಲ್ಲಿರುವಷ್ಟೇ ತಾಜಾ ಆಗಿವೆ. ನಿಮ್ಮ ಮಗ ಓದಿದ ಅರ್ಥ ಬೇರೆ ಕಡೆ ನಿಜ. 17ನೆಯ ಶತಮಾನದ ಡಚ್ ಚಿತ್ರಕಾರರು ಹೂದಾನಿಯ ಬುಡದಲ್ಲಿ ಉದುರಿದ ಎಸಳುಗಳನ್ನೂ ತೂತುಬಿದ್ದ ಎಲೆಗಳನ್ನೂ ಬರೆದು, ಪಕ್ಕದಲ್ಲಿ ಕೆಲವೊಮ್ಮೆ ತಲೆಬುರುಡೆಯನ್ನೋ ಗಡಿಯಾರವನ್ನೋ ಇಟ್ಟು, ಐಶ್ವರ್ಯವೂ ಚೆಲುವೂ ನಿಲ್ಲುವುದಿಲ್ಲವೆಂದು ಸೂಚಿಸುತ್ತಿದ್ದರು. ಬೇರೆ ಬೇರೆ ಋತುಗಳಲ್ಲಿ ಅರಳುವ ಹೂಗಳನ್ನು ಒಂದೇ ಹೂದಾನಿಯಲ್ಲಿ ಅರಳಿಸಿದ್ದೂ ಅವರೇ. ಆದರೆ ಅಲ್ಲಿ ಅಂಥ ಚಿತ್ರಗಳ ಒಂದು ಇಡೀ ಸಾಲು ಇತ್ತು, ನೋಡುವವರಿಗೂ ಆ ಸಂಕೇತ ಪರಿಚಿತವಾಗಿತ್ತು. ಹಾಗೆ ನೋಡಿದರೆ ಅದೇ ಶತಮಾನದ ಅದೇ ದೇಶದಲ್ಲಿ ರೆಂಬ್ರಾಂಟ್ 1634ರಲ್ಲಿ, ತಾನು ಮದುವೆಯಾದ ವರ್ಷವೇ, ಹೆಂಡತಿ ಸಾಸ್ಕಿಯಾಳನ್ನು ತಲೆತುಂಬ ಹೂ ಮುಡಿದ ವಸಂತದ ದೇವಿ ಫ್ಲೋರಾಳಾಗಿ ಬರೆದ. ಅಲ್ಲಿ ಸಾವಿನ ಸುಳಿವಿಲ್ಲ, ಹೊಸ ಬಾಳಿನ ಸಂಭ್ರಮವಿದೆ. ಒಂದೇ ಕಾಲ, ಒಂದೇ ನಾಡು, ಹೂವಿನ ಕೆಲಸ ಮಾತ್ರ ಬೇರೆ.

ದೊಡ್ಡವ್ವನವರ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ, ಏಕೆಂದರೆ ಅವರು ಮೊಬೈಲಿನ ಪಟ್ಟಿಯನ್ನು ನೋಡದೆ ತಾವು ಕಂಡ ಬದುಕಿನಿಂದ ಚಿತ್ರವನ್ನು ಓದಿದ್ದಾರೆ. ಗಂಡ ತೀರಿದವಳಿಗೆ ಹೂ ಮುಡಿಯಲು ಬಿಡದ ಕ್ರೂರ ಪದ್ಧತಿಯನ್ನು ಅವರ ತಲೆಮಾರು ಕಣ್ಣಾರೆ ಕಂಡಿದೆ. ಬರಿದಾದ ಮುಡಿ ಅವರಿಗೆ ಮೊದಲು ಹೇಳುವುದು ಅದನ್ನೇ. ಆದರೆ ಒಂದು ಗುರುತನ್ನು ಓದುವಾಗ ಪಕ್ಕದ ಗುರುತುಗಳು ಅದಕ್ಕೆ ಸಾಕ್ಷಿ ಹೇಳುತ್ತವೆಯೇ ಎಂದು ನೋಡಬೇಕು. ಈ ಹೆಂಗಸಿನ ಹಣೆಯಲ್ಲಿ ಕುಂಕುಮವಿದೆ, ಕೊರಳಲ್ಲಿ ಕರಿಮಣಿಯಿದೆ, ಎರಡೂ ಕೈಯಲ್ಲಿ ಹಸಿರು ಬಳೆಗಳಿವೆ, ಕಾಲುಂಗುರವನ್ನು ಆಗಲೇ ಹೇಳಿದೆ. ಇಷ್ಟು ಸಾಕ್ಷಿಗಳ ಎದುರು ಬರಿಯ ಮುಡಿಯೊಂದರ ಮಾತು ನಿಲ್ಲಲಾರದು.

ಇನ್ನು ಕಮಾನು. ಅದು ಕಲಬುರಗಿಯ ಕೋಟೆಯೇ ಎಂದು ಹೇಳಲು ಚಿತ್ರದಲ್ಲಿ ಆಧಾರವಿಲ್ಲ. ಮೊನಚು ಕಮಾನು, ಅದರ ಎರಡೂ ಭುಜಗಳ ಮೇಲೆ ದುಂಡನೆಯ ಹೂಬಿಲ್ಲೆ: ಬಹಮನಿಗಳ ಕಾಲದಿಂದ ಈ ಭಾಗದಲ್ಲಿ ಬಳಕೆಯಲ್ಲಿರುವ ವಿನ್ಯಾಸ ಇದು, ಗುಮ್ಮಟಗಳಲ್ಲಿ ಇರುವಂತೆ ಹಳೆಯ ವಾಡೆಗಳ ಬಾಗಿಲಲ್ಲೂ ಕಾಣಸಿಗುತ್ತದೆ. ಶಿವಪೂಜೆಯ ತಾಟಿನ ಹಿಂದೆ ಇಂಥ ಕಮಾನು ಇರುವುದರಲ್ಲಿ ವಿಶೇಷ ಸಂದೇಶವನ್ನು ಹುಡುಕುವವರಿದ್ದಾರೆ. ಈ ಜಿಲ್ಲೆಗಳಲ್ಲಿ ವಾಸಿಸಿದವರಿಗೆ ಅದು ದಿನನಿತ್ಯದ ನೋಟ.

ಹಾಗಾದರೆ ಗುಲಾಬಿ ಏನು? ನಿಮ್ಮ ಪ್ರಶ್ನೆಯ ನಿಜವಾದ ತೊಡಕು ಇರುವುದು ಇಲ್ಲಿ. ತಾಟಿನಲ್ಲಿ ಗುಲಾಬಿ ಇಲ್ಲ, ಮಾಲೆಯಲ್ಲಿ ಇಲ್ಲ, ನೆಲದ ಮೇಲೆಯೂ ಇಲ್ಲ. ಇಡೀ ಚಿತ್ರದಲ್ಲಿ ಅದೊಂದೇ, ಅದೂ ಎಡಗೈಯಲ್ಲಿ. ಪೂಜೆಯ ಹೂವನ್ನು ಎಡಗೈಯಲ್ಲಿ ಎತ್ತಿಹಿಡಿಯುವುದು ನಮ್ಮಲ್ಲಿ ರೂಢಿಯಲ್ಲ. ಅದಕ್ಕಿಂತ ಮುಖ್ಯವಾಗಿ, ಮಾಲೆ ಕಟ್ಟಲು ಎರಡೂ ಕೈ ಬೇಕು. ಒಂದು ಕೈಯಲ್ಲಿ ಗುಲಾಬಿ ಹಿಡಿದವಳು ಹೂ ಕಟ್ಟುತ್ತಿರಲಾರಳು. ಆಕೆಯ ಬಲಗೈ ದಾರದ ಮೇಲೆ ಸುಮ್ಮನೆ ಒರಗಿದೆ. ದೃಷ್ಟಿ ಮಾಲೆಯ ಮೇಲೂ ಇಲ್ಲ, ಗುಲಾಬಿಯ ಮೇಲೂ ಇಲ್ಲ, ನೇರವಾಗಿ ನಮ್ಮ ಕಡೆ ಇದೆ. (ಫೋಟೋ ಎಡಬಲ ತಿರುಗಿ ಮುದ್ರಿತವಾಗಿದೆಯೇ ಎಂಬ ಶಂಕೆ ಬೇಡ. ಸೆರಗು ಎಡಹೆಗಲ ಮೇಲೆಯೇ ಇದೆ.)

ಗುಲಾಬಿಗೆ ಅರ್ಥ ಕೊಡಬಲ್ಲ ಮೂರು ಪರಂಪರೆಗಳು ನಮ್ಮ ಭಾಗದ ಚಿತ್ರಕಾರರಿಗೆ ಕೈಗೆಟಕುವಂತಿದ್ದವು. ಮೊದಲನೆಯದು ಸಂಸ್ಕೃತ ಕಾವ್ಯದ್ದು. ಅಲ್ಲಿ ಹೂ ಅನೇಕ ಸಲ ಋತುವಿನ ಗುರುತು: ಕಾಳಿದಾಸನ ಮೇಘದೂತದಲ್ಲಿ ಬರುವ ಯಕ್ಷರ ಊರು ಅಲಕೆಯ ಹೆಂಗಸರ ಕೈಯಲ್ಲಿ ಲೀಲಾಕಮಲ (ಆಟಕ್ಕೆಂದು ಹಿಡಿದ ತಾವರೆ), ಮುಂಗುರುಳಲ್ಲಿ ಕುಂದ, ಮುಖದ ಮೇಲೆ ಲೋಧ್ರದ ಪರಾಗ, ತುರುಬಿನಲ್ಲಿ ಕುರವಕ, ಕಿವಿಯಲ್ಲಿ ಶಿರೀಷ, ಬೈತಲೆಯಲ್ಲಿ ನೀಪ, ಆರು ಋತುಗಳ ಹೂ ಒಂದೇ ಕಾಲಕ್ಕೆ ಸಿಗುವ ಊರು ಅದು ಎಂದು ತಿಳಿಸುವ ಜಾಣ ವಿಧಾನ. ಇನ್ನು ಕೆಲವು ಸಲ ಕೈಯಲ್ಲಿರುವ ಹೂ ಮನಸ್ಸನ್ನು ಮರೆಮಾಡುವ ಸಾಧನ. ಕಾಳಿದಾಸನದೇ ಕುಮಾರಸಂಭವದಲ್ಲಿ ಋಷಿ ಅಂಗಿರಸನು ಶಿವನೊಡನೆ ಮದುವೆಯ ಮಾತೆತ್ತಿದಾಗ ತಂದೆಯ ಪಕ್ಕದಲ್ಲಿದ್ದ ಪಾರ್ವತಿ ತಲೆತಗ್ಗಿಸಿ ಕೈಯಲ್ಲಿದ್ದ ಕಮಲದ ಎಸಳುಗಳನ್ನು ಎಣಿಸತೊಡಗುತ್ತಾಳೆ. ನಾಚಿಕೆ ಎಂಬ ಮಾತೇ ಇಲ್ಲದೆ ನಾಚಿಕೆ ತಿಳಿಯುವ ಈ ಪದ್ಯವನ್ನು 9ನೆಯ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನನು ಧ್ವನಿಗೆ, ಅಂದರೆ ಬಾಯಿಬಿಟ್ಟು ಹೇಳದೆ ಸೂಚಿಸುವ ಅರ್ಥಕ್ಕೆ, ಉದಾಹರಣೆಯಾಗಿ ಎತ್ತಿಕೊಂಡದ್ದು ಪ್ರಸಿದ್ಧ. ಗಮನಿಸಬೇಕಾದದ್ದೇನೆಂದರೆ, ಅಲ್ಲಿ ಅರ್ಥ ಹುಟ್ಟುವುದು ಕಮಲದಿಂದಲ್ಲ, ಎಣಿಸುವ ಬೆರಳುಗಳಿಂದ. ಹುಮನಾಬಾದ್ ತಾಲ್ಲೂಕಿನ ಜಲಸಂಗವಿಯ ಗುಡಿಯ ಹೊರಗೋಡೆಯ ಶಿಲಾಸುಂದರಿಯರನ್ನೂ ನಾವು ಗುರುತಿಸುವುದು ಹೀಗೆಯೇ. ಅವರಲ್ಲಿ ಅತಿ ಪ್ರಸಿದ್ಧಳಾದವಳು ಶಾಸನ ಬರೆಯುತ್ತಿರುವವಳು, ಅವಳ ಹೆಸರೇ ಅವಳ ಕೈಗೆಲಸದಿಂದ ಬಂದದ್ದು. ನಿಮ್ಮ ಚಿತ್ರದ ಬೆರಳುಗಳು ಗುಲಾಬಿಯೊಡನೆ ಏನನ್ನೂ ಮಾಡುತ್ತಿಲ್ಲ, ಸುಮ್ಮನೆ ಹಿಡಿದಿವೆ. ಆದ್ದರಿಂದ ಲೀಲಾಕಮಲದ ಪರಂಪರೆ ಇಲ್ಲಿಗೆ ಹೊಂದುವುದಿಲ್ಲ.

ಎರಡನೆಯದು ದಖನ್ನಿನದು. ಫಾರಸಿ ಕಾವ್ಯದ ಗುಲಾಬಿ ಪ್ರಿಯತಮೆಯೂ ಹೌದು, ದೈವವೂ ಹೌದು. ಅದಕ್ಕಾಗಿ ಹಾಡುವ ಬುಲ್‌ಬುಲ್ ಪ್ರೇಮಿಯೂ ಹೌದು, ಭಕ್ತನೂ ಹೌದು. ಆದರೆ ಸುಲ್ತಾನರ, ಸರದಾರರ ಭಾವಚಿತ್ರಗಳಲ್ಲಿ ಕೈಯಲ್ಲಿ ಒಂದು ಹೂ ಹಿಡಿದು ನಿಲ್ಲುವವರು ಬಹುಪಾಲು ಗಂಡಸರು. ಅಲ್ಲಿ ಹೂ ಹೇಳುವುದು ಸುಸಂಸ್ಕೃತ ಅಭಿರುಚಿಯನ್ನು, ಪ್ರೇಮವನ್ನಲ್ಲ. ಈ ಎರಡು ಪರಂಪರೆಗಳು ನಮ್ಮ ನೆಲದಲ್ಲಿ ಒಂದಕ್ಕೊಂದು ದೂರ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಸುಮಾರು 1565ರಲ್ಲಿ ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹನನ್ನು ಹೊಗಳಿ ಸಿದ್ಧವಾದ ಫಾರಸಿ ಹಸ್ತಪ್ರತಿಯೊಂದು ಪುಣೆಯಲ್ಲಿದೆ. ಅದರ ಒಂದು ಚಿತ್ರದಲ್ಲಿ ಹೆಣ್ಣಿನ ಸ್ಪರ್ಶಕ್ಕೆ ಮರ ಹೂಬಿಡುತ್ತದೆ. ಅದು ಅಪ್ಪಟ ಸಂಸ್ಕೃತ ಕವಿಸಮಯ (ಕವಿಗಳೆಲ್ಲ ರೂಢಿಯಾಗಿ ಬಳಸುವ ಕಲ್ಪನೆ), ಅದರ ಹೆಸರು ದೋಹದ. 17ನೆಯ ಶತಮಾನದ ಆರಂಭದ ಬಿಜಾಪುರದ ಚಿತ್ರವೊಂದು ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಅದರಲ್ಲಿ ಮೈನಾ ಹಕ್ಕಿಯೊಡನೆ ನಿಂತ ಯೋಗಿನಿಯ ಅಕ್ಕಪಕ್ಕದ ಹೂಗಿಡಗಳು ಅಳತೆ ಮೀರಿ ಬೆಳೆದಿವೆ, ದೂರದ ಅರಮನೆ ಅವುಗಳ ಮುಂದೆ ಆಟಿಕೆಯಂತಿದೆ. ಅಲ್ಲಿ ಯಾವ ಹೂವಿಗೆ ಏನರ್ಥ ಎಂದು ಬಿಡಿಬಿಡಿಯಾಗಿ ಹೇಳುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆ ಅಳತೆಯೇ ಅಲ್ಲಿನ ಸಂಕೇತ, ಲೋಕದ ಲೆಕ್ಕ ತಪ್ಪಿಸಿಕೊಂಡ ಒಬ್ಬಳ ಲೋಕ ಅದು. ದಖನ್ನಿನ ಗುಲಾಬಿಗೆ ನಮ್ಮ ಊರಿನಲ್ಲೇ ಜೀವಂತ ನೆಲೆಯಿದೆ: 1422ರಲ್ಲಿ ತೀರಿದ ಸೂಫಿ ಸಂತ ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಹರಕೆ ಹೊತ್ತು ಹೋಗುವವರು ಯಾವ ಜಾತಿಯವರಾಗಿರಲಿ, ಗುಲಾಬಿಯನ್ನೋ ಹೂವಿನ ಚಾದರವನ್ನೋ ಒಯ್ಯುತ್ತಾರೆ. ಇಷ್ಟೆಲ್ಲ ಇದ್ದರೂ ನಿಮ್ಮ ಚಿತ್ರದ ಗುಲಾಬಿ ಆ ನಾಟಿ ಗುಲಾಬಿಯಲ್ಲ. ನಾಟಿ ಗುಲಾಬಿ ತೆರೆದ, ಚಪ್ಪಟೆಯ, ತಿಳಿಗೆಂಪಿನ ಹೂ. ಇದು ಮೊನೆಯಿರುವ, ಅರೆಬಿರಿದ, ಉದ್ದ ದೇಟಿನ ಕಡುಗೆಂಪು ಹೂ, ನರ್ಸರಿಯ ಜಾತಿ.

ಆ ನರ್ಸರಿಯ ಗುಲಾಬಿ ಮೂರನೆಯ ಪರಂಪರೆಯತ್ತ ಬೆರಳು ತೋರುತ್ತದೆ: ಮುಂಬಯಿಯ ಕಲಾಶಾಲೆ, ಮುದ್ರಿತ ಚಿತ್ರ, ಫೋಟೋ ಸ್ಟುಡಿಯೋ. ರವಿವರ್ಮ 1873ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ಬಹುಮಾನ ಪಡೆದ ಚಿತ್ರವೇ ಮಲ್ಲಿಗೆ ಮುಡಿಯುತ್ತಿರುವ ನಾಯರ್ ಹೆಂಗಸಿನದು. 1894ರಲ್ಲಿ ಆತ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಹೂವಿನೊಡನಿರುವ ಹೆಣ್ಣು, ದೇವಿಯಾಗಲಿ ಮನುಷ್ಯಳಾಗಲಿ, ಮನೆಮನೆಯ ಗೋಡೆಗೆ ಬಂದಳು. ಅದೇ ಕಾಲಕ್ಕೆ ಫೋಟೋ ಸ್ಟುಡಿಯೋಗಳೂ ಹಬ್ಬಿದವು. ಸ್ಟುಡಿಯೋದಲ್ಲಿ ಕ್ಯಾಮೆರಾದ ಮುಂದೆ ಕುಳಿತವರಿಗೆ ಕೈ ಎಲ್ಲಿಡಬೇಕೆಂದು ತಿಳಿಯದು. ಆದ್ದರಿಂದ ಒಂದು ಪುಸ್ತಕವನ್ನೋ ಒಂದು ಗುಲಾಬಿಯನ್ನೋ, ಎಷ್ಟೋ ಸಲ ಕಾಗದದ್ದನ್ನು, ಕೈಗೆ ಕೊಡುತ್ತಿದ್ದರು. ನಿಮ್ಮ ಚಿತ್ರದ ಎಡಗೈ ನನಗೆ ಆ ಭಂಗಿಯನ್ನೇ ನೆನಪಿಸುತ್ತದೆ. ಇದಕ್ಕೆ ಇನ್ನೊಂದು ಆಧಾರವೂ ಇದೆ. ತಾಟು, ತಂಬಿಗೆ, ಬಲಗೈ, ಕಟ್ಟೆ ಇವುಗಳ ಮೇಲೆ ಬೆಳಕು ಎಡಗಡೆಯಿಂದ ಓರೆಯಾಗಿ ಬಿದ್ದಿದೆ. ಮುಖಕ್ಕೂ ಎಡಗೈಗೂ ಮಾತ್ರ ಎದುರಿನಿಂದ, ನೆರಳೇ ಇಲ್ಲದಂತೆ ಬಿದ್ದಿದೆ. ಒಂದೇ ಚಿತ್ರದಲ್ಲಿ ಬೆಳಕು ಎರಡು ದಿಕ್ಕಿನಿಂದ ಬಂದರೆ ಎರಡು ಮೂಲಗಳನ್ನು ಜೋಡಿಸಿದ್ದಾರೆಂದು ತಿಳಿಯಬೇಕು. ಮುಖವೂ ಗುಲಾಬಿ ಹಿಡಿದ ಕೈಯೂ ಒಂದು ಫೋಟೋದಿಂದ ಬಂದಿವೆ, ಪೂಜೆಯ ಸಿದ್ಧತೆಯನ್ನು ಚಿತ್ರಕಾರರು ಸ್ವಂತ ಕಲ್ಪನೆಯಿಂದ ಸುತ್ತ ಕಟ್ಟಿದ್ದಾರೆ ಎಂಬುದು ನನ್ನ ಊಹೆ. ಆಕೆ ನಮ್ಮನ್ನೇ ನೇರವಾಗಿ ನೋಡುತ್ತಿರುವುದಕ್ಕೂ ಇದೇ ಕಾರಣವಿರಬೇಕು. ಆ ನೋಟ ಕ್ಯಾಮೆರಾದತ್ತ ಇದ್ದದ್ದು.

ಇದು ಸರಿಯಾದರೆ ಚಿತ್ರದ ಹೆಂಗಸು ಕಲ್ಪನೆಯ ನಾಯಕಿಯಲ್ಲ, ಯಾರೋ ಒಬ್ಬ ನಿಜವಾದ ವ್ಯಕ್ತಿ, ಬಹುಶಃ ನಿಮ್ಮ ಮನೆತನದವರೇ. ಗುಲಾಬಿಗೆ ಪ್ರೇಮದ ಅರ್ಥ ಕೊಡಲೇಬೇಕೆಂದರೆ ಆ ಅರ್ಥವನ್ನು ತಂದವರು ಚಿತ್ರಕಾರರಲ್ಲ, ಚಿತ್ರ ಬರೆಸಿದವರು. ಬೇರೊಂದು ಸಾಧ್ಯತೆಯೂ ಇದೆ. ಹಸಿರು ಸೀರೆಯ ದೊಡ್ಡ ಹರವಿನ ನಡುವೆ ಕಣ್ಣು ನಿಲ್ಲಲು ಒಂದು ಕೆಂಪು ಚುಕ್ಕೆ ಬೇಕಾಗುತ್ತದೆ, ಹಸಿರಿನ ಪಕ್ಕದಲ್ಲಿ ಕೆಂಪು ಎರಡರಷ್ಟು ಹೊಳೆಯುತ್ತದೆ ಎಂಬುದು ಬಣ್ಣ ಕಲಿತ ಯಾರಿಗೂ ಗೊತ್ತು. ಸಂಕೇತ ಹುಡುಕುವವರು ಈ ಸರಳ ಕಾರಣವನ್ನು ಮರೆಯುವುದೇ ಹೆಚ್ಚು. 1950ರ ದಶಕದಲ್ಲಿ ಕೆಂಪು ಗುಲಾಬಿ ಎಂದೊಡನೆ ಜನರಿಗೆ ನೆಹರೂ ಅವರ ಅಂಗಿಯ ಗುಂಡಿಯೂ ನೆನಪಾಗುತ್ತಿತ್ತೆಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ, ಆದರೆ ಬಿಲ್ವಪತ್ರೆಯ ಪಕ್ಕದಲ್ಲಿ ಅದನ್ನು ತರುವುದು ಅತಿಯಾಯಿತು.

ಈ ಊಹೆಗಳಲ್ಲಿ ಯಾವುದು ನಿಲ್ಲುತ್ತದೆ ಎಂಬುದನ್ನು ನೀವೇ ಬಹುಮಟ್ಟಿಗೆ ಪರೀಕ್ಷಿಸಬಹುದು. ಕೋಣೆಯ ಬೆಳಕು ಆರಿಸಿ, ಟಾರ್ಚನ್ನು ಚಿತ್ರದ ಪಕ್ಕದಲ್ಲಿ ಗೋಡೆಗೆ ಸಮಾನಾಂತರವಾಗಿ ಹಿಡಿದು, ಗುಲಾಬಿಯ ಸುತ್ತಲಿನ ಬಣ್ಣದ ಉಬ್ಬುತಗ್ಗುಗಳನ್ನು ನೋಡಿ. ಸೀರೆಯ ಕುಂಚದ ಗೆರೆಗಳು ಹೂವಿನ ಅಡಿಯಲ್ಲಿ ತಡೆಯಿಲ್ಲದೆ ಮುಂದುವರಿದಿದ್ದರೆ ಗುಲಾಬಿಯನ್ನು ಚಿತ್ರ ಮುಗಿದ ಮೇಲೆ ಸೇರಿಸಲಾಗಿದೆ. ಗಿರಾಕಿ ಕೇಳಿ ಹಾಕಿಸಿರಬಹುದು, ಅಥವಾ ಚಿತ್ರಕಾರರಿಗೇ ಕೆಂಪು ಬೇಕೆನಿಸಿರಬಹುದು. ಗೆರೆಗಳು ಹೂವಿನ ಅಂಚಿಗೆ ಬಂದು ನಿಂತಿದ್ದರೆ ಅದು ಮೊದಲಿನಿಂದಲೂ ಯೋಜನೆಯಲ್ಲಿತ್ತು, ಫೋಟೋದ ಊಹೆಗೆ ಬಲ ಬರುತ್ತದೆ. ಹಾಗೆಯೇ ಮನೆಯ ಹಳೆಯ ಆಲ್ಬಮ್ಮುಗಳಲ್ಲಿ, ಗುಲಾಬಿ ಹಿಡಿದು ಕುಳಿತ ಹೆಂಗಸಿನ ಸ್ಟುಡಿಯೋ ಫೋಟೋ ಇದೆಯೇ ಎಂದು ದೊಡ್ಡವ್ವನವರನ್ನೇ ಕೇಳಿ. ಮುಖದ ಗುರುತು ಅವರಿಗೆ ಸಿಕ್ಕಷ್ಟು ಬೇಗ ನಮಗೆ ಸಿಗದು.

ಚಿತ್ರವನ್ನು ಒದ್ದೆ ಬಟ್ಟೆಯಿಂದಾಗಲಿ ಎಣ್ಣೆಯಿಂದಾಗಲಿ ಒರೆಸಬೇಡಿ. ಕಟ್ಟು (ಫ್ರೇಮ್) ಹಾಕುವ ಅಂಗಡಿಯವರು ಹೊಸ ವಾರ್ನಿಷ್ ಹಚ್ಚಿಕೊಡುತ್ತೇವೆಂದರೆ ಒಪ್ಪಬೇಡಿ. ಹಳೆಯ ವಾರ್ನಿಷ್ ತೆಗೆಯುವುದು ಚಿತ್ರ ಸಂರಕ್ಷಣೆ ಕಲಿತವರ ಕೆಲಸ. ಅಂಥವರು ಎಂದಾದರೂ ಕಟ್ಟು ಬಿಚ್ಚಿದಾಗ ಎರಡು ಜಾಗಗಳ ಫೋಟೋ ತೆಗೆಸಿಕೊಳ್ಳಿ: ಕ್ಯಾನ್ವಾಸಿನ ಹಿಂಬದಿ ಮತ್ತು ಕಟ್ಟಿನ ಮರೆಯಲ್ಲಿರುವ ಕೆಳಗಿನ ಅಂಚು. ಹಿಂಬದಿಯಲ್ಲಿ ಚಿತ್ರಕಾರರ ಹೆಸರೋ ಅಂಗಡಿಯ ಚೀಟಿಯೋ ಇರಬಹುದು. ಕೆಳಗಿನ ಅಂಚಿನತ್ತ ಮಾಲೆಯ ಕಟ್ಟಿ ಮುಗಿದ ಭಾಗ ಇಳಿದು ಕಟ್ಟಿನೊಳಗೆ ಮರೆಯಾಗಿದೆ. ಅದರ ತುದಿ ಲಿಂಗದ ಪೀಠದ ಬಳಿ ಮುಗಿದಿದ್ದರೆ ನಾನು ಮೇಲೆ ಹೇಳಿದ್ದು ಗಟ್ಟಿಯಾಗುತ್ತದೆ. ಅಲ್ಲಿ ಬಾಸಿಂಗವೋ ಮದುವೆಯ ಬೇರೆ ಸಾಮಾನೋ ಕಂಡುಬಂದರೆ ಮಾಲೆ ದೇವರಿಗಲ್ಲ ಎಂದಾಗುತ್ತದೆ. ಆಗ ಗುಲಾಬಿಯ ವಿಷಯದಲ್ಲಿ ನಿಮ್ಮ ಮಗನ ಮಾತಿಗೆ ನಾನು ಮತ್ತೆ ಕಿವಿಗೊಡಬೇಕಾಗುತ್ತದೆ.